ಕನ್ನಡ ಸುದ್ದಿಯಲ್ಲಿ ಘಟನೆ ಪತ್ತೆ ಹಚ್ಚುವ ನ್ಯೂರಲ್ ನೆಟ್‌ವರ್ಕ್: ಯಾವುದು ಮೊದಲು, ಯಾವುದು ಆಮೇಲೆ

ದಾವಣಗೆರೆ, ಚಿತ್ರದುರ್ಗದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೊನೆಯ ವರ್ಷದ ಪ್ರಾಜೆಕ್ಟ್ ಹಿಡಿದು ನನ್ನ ಬಳಿ ಬಂದಾಗಲೆಲ್ಲ ಕೇಳುವ ಮಾತು ಒಂದೇ: "ತರಬೇತಿ ಮುಗಿದಾಗ ಅಂಕ ಚೆನ್ನಾಗಿತ್ತು ಸರ್, ಇವತ್ತಿನ ಪೇಪರ್ ಕೊಟ್ಟರೆ ಏನೂ ಹಿಡಿಯುತ್ತಿಲ್ಲ." ಇನ್ನು ಕೆಲವರದು ಇದಕ್ಕೆ ಉಲ್ಟಾ. ಅವರ ಮಾದರಿ, ಅಂದರೆ ಉದಾಹರಣೆ ನೋಡಿ ಕಲಿತ ನ್ಯೂರಲ್ ನೆಟ್‌ವರ್ಕ್, ಮದುವೆ ಸುದ್ದಿಯಲ್ಲೂ ಅಪಘಾತ ಕಾಣುತ್ತದೆ. ಕಡತ ಬಿಚ್ಚಿ ನೋಡಿದರೆ ನ್ಯೂರಲ್ ನೆಟ್‌ವರ್ಕ್‌ನಲ್ಲಿ ದೋಷ ಇರುವುದು ಅಪರೂಪ. ಯಾವುದನ್ನು ಘಟನೆ ಎನ್ನಬೇಕೆಂದು ತೀರ್ಮಾನಿಸದೆ ಗುರುತು ಹಾಕಿರುತ್ತಾರೆ, ಪಠ್ಯವನ್ನು ಸ್ವಚ್ಛ ಮಾಡದೆ ಮಾದರಿಗೆ ಸುರಿದಿರುತ್ತಾರೆ, ಒಂದೇ ಸುದ್ದಿಯ ಎರಡು ಪ್ರತಿಯಲ್ಲಿ ಒಂದನ್ನು ಪಾಠಕ್ಕೂ ಇನ್ನೊಂದನ್ನು ಪರೀಕ್ಷೆಗೂ ಇಟ್ಟಿರುತ್ತಾರೆ. ಕ್ರಮ ತಪ್ಪಿದ ಮೇಲೆ ಎಷ್ಟು ದೊಡ್ಡ ಮಾದರಿ ತಂದರೂ ಉಪಯೋಗವಿಲ್ಲ.

ಕೆಲಸ ಇಷ್ಟು. ಒಂದು ವಾಕ್ಯ ಕೊಟ್ಟರೆ ಅದರಲ್ಲಿ ಘಟನೆ ಇದೆಯೇ, ಇದ್ದರೆ ಅದನ್ನು ಹೇಳುತ್ತಿರುವ ಪದ ಯಾವುದು, ಅದು ಯಾವ ಬಗೆಯ ಘಟನೆ ಎಂದು ಯಂತ್ರ ಹೇಳಬೇಕು. "ಹಿರಿಯೂರು ಬಳಿ ಹೆದ್ದಾರಿಯಲ್ಲಿ ನಿಂತಿದ್ದ ಲಾರಿಗೆ ಕಾರು ಡಿಕ್ಕಿ ಹೊಡೆದು ಇಬ್ಬರು ಮೃತಪಟ್ಟಿದ್ದಾರೆ." ಇಲ್ಲಿ ಎರಡು ಘಟನೆಗಳಿವೆ. "ಡಿಕ್ಕಿ" ಅಪಘಾತವನ್ನೂ "ಮೃತಪಟ್ಟಿದ್ದಾರೆ" ಸಾವನ್ನೂ ಹೇಳುತ್ತದೆ. ಇಂಥ ಪದಕ್ಕೆ ಟ್ರಿಗರ್ ಎನ್ನುತ್ತಾರೆ, ನಾನು ಸುಳಿವು ಪದ ಎನ್ನುತ್ತೇನೆ. ಎಲ್ಲಿ, ಯಾರಿಗೆ, ಎಷ್ಟು ಮಂದಿಗೆ ಎಂಬುದು ಆಮೇಲಿನ ಕೆಲಸ. ಕೆಳಗಿನ ಉದಾಹರಣೆ ವಾಕ್ಯಗಳನ್ನು ವಿವರಣೆಗಾಗಿ ನಾನೇ ಬರೆದಿದ್ದೇನೆ.

## ಕೈಯಲ್ಲಿ ಇರಬೇಕಾದದ್ದು

ಸಾಧಾರಣ ಲ್ಯಾಪ್‌ಟಾಪ್ ಸಾಕು. ತರಬೇತಿಗೆ ಗೂಗಲ್ ಕೊಲ್ಯಾಬ್‌ನಲ್ಲಿ ಸಿಗುವ 16 ಜಿಬಿ ಮೆಮೊರಿಯ ಟಿ4 ಜಿಪಿಯು (ಇಂಥ ಲೆಕ್ಕವನ್ನು ವೇಗವಾಗಿ ಮಾಡುವ ಚಿಪ್) ಸಾಕಾಗುತ್ತದೆ. ಸಾಫ್ಟ್‌ವೇರ್ ಎಂದರೆ ಪೈಥಾನ್, ಪೈಟಾರ್ಚ್, ಹಗಿಂಗ್ ಫೇಸ್‌ನ ಟ್ರಾನ್ಸ್‌ಫಾರ್ಮರ್ಸ್ ಲೈಬ್ರರಿ, ಅಂಕ ಎಣಿಸಲು ಸೆಕ್‌ಇವಾಲ್, ಗುರುತು ಹಾಕಲು ಡೊಕ್ಯಾನೊ ಅಥವಾ ಲೇಬಲ್ ಸ್ಟುಡಿಯೊ. ಇವೆಲ್ಲ ಉಚಿತ.

ದುಡ್ಡಿಗೆ ಸಿಗದ ಸಾಮಗ್ರಿ ಎರಡಿವೆ. ದಿನಾ ಕನ್ನಡ ಪತ್ರಿಕೆ ಓದುವ ಇಬ್ಬರು ಬೇಕು. ಗುರುತು ಹಾಕುವ ಕೆಲಸಕ್ಕೆ ಹಲವು ವಾರ ಬೇಕು. ಒಟ್ಟು ಸಮಯದ ಮುಕ್ಕಾಲು ಪಾಲು ಅಲ್ಲೇ ಹೋಗುತ್ತದೆ ಎಂದು ಲೆಕ್ಕ ಹಾಕಿಕೊಂಡೇ ಶುರು ಮಾಡಿ.

## ಹಂತ 1: ಆರಕ್ಕಿಂತ ಹೆಚ್ಚು ಬಗೆ ಬೇಡ

ಯಾರಿಗಾಗಿ, ಯಾವ ಘಟನೆ ಹುಡುಕುತ್ತಿದ್ದೀರಿ ಎಂದು ಒಂದು ವಾಕ್ಯದಲ್ಲಿ ಬರೆದು ಗೋಡೆಗೆ ಅಂಟಿಸಿ. "ಎರಡು ಜಿಲ್ಲೆಗಳ ಸುದ್ದಿಯಲ್ಲಿ ಮಳೆಹಾನಿ, ನೀರು ಬಿಡುಗಡೆ, ಬೆಲೆ ಏರಿಳಿತ, ರಸ್ತೆ ಅಪಘಾತ, ಸಾವು, ಪ್ರತಿಭಟನೆ ಹುಡುಕುವುದು." ಇಷ್ಟು ಸಾಕು.

ಬಹಳ ಮಂದಿ ಎಸಿಇ 2005 ಎಂಬ ಹೆಸರಾಂತ ದತ್ತಾಂಶದ ಬಗೆಗಳನ್ನು ಹಾಗೇ ಎತ್ತಿಕೊಳ್ಳುತ್ತಾರೆ. ಅದರಲ್ಲಿ 8 ದೊಡ್ಡ ವರ್ಗ, 33 ಉಪವರ್ಗಗಳಿವೆ. ಭಾಷೆ ಇಂಗ್ಲಿಷ್, ಚೀನೀ, ಅರೇಬಿಕ್ ಮಾತ್ರ. ಬಂಧನ, ವಿಚಾರಣೆ, ದಾಳಿ, ಪ್ರಯಾಣ, ಕಂಪನಿ ವಿಲೀನ ಎಲ್ಲ ಇವೆ. ಮಳೆ, ಬೆಳೆ, ಕೆರೆ ಯಾವುದೂ ಇಲ್ಲ. 2020ರ ಮೇವನ್ ದತ್ತಾಂಶದಲ್ಲಿ 168 ಬಗೆಗಳಿವೆ. ಅಷ್ಟನ್ನೂ ಇಬ್ಬರು ಕೂತು ಕನ್ನಡದಲ್ಲಿ ಗುರುತಿಸಲು ಹೊರಟರೆ ಬಗೆಗೆ ಹತ್ತು ಉದಾಹರಣೆಯೂ ದಕ್ಕುವುದಿಲ್ಲ.

ಸ್ಥಿತಿಗೂ ಘಟನೆಗೂ ಗೆರೆ ಎಳೆಯುವುದು ಈ ಹಂತದಲ್ಲೇ. ಗರಿಷ್ಠ ಮಟ್ಟ 186 ಅಡಿಯ ಭದ್ರಾ ಜಲಾಶಯದಲ್ಲಿ ಇವತ್ತು ಎಷ್ಟು ಅಡಿ ನೀರಿದೆ ಎಂದು ಮಳೆಗಾಲದಲ್ಲಿ ದಿನಾ ಬರುತ್ತದೆ. ಅದು ಸ್ಥಿತಿ. "ಬಲದಂಡೆ ನಾಲೆಗೆ ನೀರು ಬಿಡಲಾಯಿತು" ಎಂಬುದು ಘಟನೆ. ಇವೆರಡನ್ನೂ "ನೀರು" ಎಂಬ ಒಂದೇ ಚೀಲಕ್ಕೆ ತುಂಬಿದರೆ ನಿಮ್ಮ ಮಾದರಿ ಪ್ರತಿದಿನ ನಾಲೆಗೆ ನೀರು ಬಿಡುತ್ತದೆ. ಅದನ್ನು ನಂಬಿ ಭತ್ತದ ಸಸಿ ಮಡಿಗೆ ಕೈ ಹಾಕುವ ರೈತನ ಗತಿ ಏನೆಂದು ಒಮ್ಮೆ ಯೋಚಿಸಿ.

## ಹಂತ 2: ಪಠ್ಯ ಕೂಡಿಸಿ, ಗುರುತು ಹಾಕುವ ಮೊದಲೇ ಸ್ವಚ್ಛ ಮಾಡಿ

ಬಳಸಲು ಅನುಮತಿ ಇರುವ ಪಠ್ಯವನ್ನೇ ತನ್ನಿ. ಸ್ಥಳೀಯ ಪತ್ರಿಕೆಯವರನ್ನು ಕೇಳಿದರೆ ಹಳೆಯ ಕಡತ ಕೊಡುವವರು ಸಿಗುತ್ತಾರೆ. ವರ್ಷದ ಹನ್ನೆರಡೂ ತಿಂಗಳ ಸುದ್ದಿ ಇರಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನದನ್ನು ಮಾತ್ರ ಓದಿದ ಮಾದರಿಗೆ ಮಾರ್ಚ್ ತಿಂಗಳ ಟ್ಯಾಂಕರ್ ನೀರು, ಬಣವೆಗೆ ಬಿದ್ದ ಬೆಂಕಿ ಅರ್ಥವಾಗುವುದಿಲ್ಲ.

ಕನ್ನಡ ಪಠ್ಯದಲ್ಲಿ ಕಣ್ಣಿಗೆ ಕಾಣದ ಕಸ ಬಹಳ. ನಾನು ಹುಡುಕುವ ಕ್ರಮ ಹೀಗಿದೆ.

ಮೊದಲು ನುಡಿ, ಬರಹ ತಂತ್ರಾಂಶಗಳ ಹಳೆಯ ಕಡತಗಳು. ಯೂನಿಕೋಡ್ ಬರುವ ಮುಂಚಿನ ಆಸ್ಕಿ ಫಾಂಟಿನಲ್ಲಿ ಬೆರಳಚ್ಚು ಮಾಡಿದ ಪಠ್ಯ ಆ ಫಾಂಟ್ ಇದ್ದರೆ ಮಾತ್ರ ಕನ್ನಡವಾಗಿ ಕಾಣುತ್ತದೆ. ಒಳಗೆ ಇರುವುದು ರೋಮನ್ ಅಕ್ಷರಗಳ ಕಲಸುಮೇಲೋಗರ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿ, ಆಮೇಲೆ ಒಂದು ಪುಟವನ್ನಾದರೂ ಗಟ್ಟಿಯಾಗಿ ಓದಿ. ಒತ್ತಕ್ಷರ ಜಾಗ ಬದಲಿಸಿದ್ದು ಕಣ್ಣು ಹಾಯಿಸಿದರೆ ಸಿಗುವುದಿಲ್ಲ, ಓದಿದಾಗ ನಾಲಿಗೆಗೆ ತಡೆಯುತ್ತದೆ.

ಎರಡನೆಯದು ಅಂಕಿಯ ವೇಷದ ಅಕ್ಷರ. "ವರ್ಷ" ಎಂದು ಬರೆಯಲು ಅರ್ಕಾವೊತ್ತಿನ ಬದಲು ಕನ್ನಡದ ಒಂಬತ್ತನ್ನು ಒತ್ತಿ "ವಷ೯" ಮಾಡುವವರು ಬಹಳ. ಅನುಸ್ವಾರದ ಜಾಗದಲ್ಲಿ ಸೊನ್ನೆ ಬರುವುದೂ ಉಂಟು: "ಮ೦ಡಕ್ಕಿ". ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ ಪದ. ಅಕ್ಷರಗಳ ನಡುವೆ ಸಿಕ್ಕಿಕೊಂಡ ಕನ್ನಡ ಅಂಕಿಯನ್ನು ಹುಡುಕಿ ತಿದ್ದುವ ನಾಲ್ಕು ಸಾಲಿನ ಪ್ರೋಗ್ರಾಮ್ ಬರೆದುಕೊಳ್ಳಿ.

ಮೂರನೆಯದು ಒಂದೇ ಅಕ್ಷರದ ಎರಡು ರೂಪ. "ಕೋ" ಎಂಬುದನ್ನು ಒಂದೇ ಸ್ವರಚಿಹ್ನೆಯಿಂದಲೂ ಬರೆಯಬಹುದು, ಬಿಡಿ ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ಯೂನಿಕೋಡ್‌ನ ಎನ್‌ಎಫ್‌ಸಿ ಸಾಮಾನ್ಯೀಕರಣ ಇಡೀ ಪಠ್ಯವನ್ನು ಒಂದು ರೂಪಕ್ಕೆ ತರುತ್ತದೆ. "ನೆಟ್‌ವರ್ಕ್" ಥರದ ಪದಗಳಲ್ಲಿ ಒತ್ತು ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ಅಕ್ಷರವೊಂದಿದೆ. ಅದನ್ನು ಇಡುತ್ತೀರೋ ತೆಗೆಯುತ್ತೀರೋ ಈಗಲೇ ನಿರ್ಧರಿಸಿ. ಗುರುತು ಹಾಕಿದ ಮೇಲೆ ತೆಗೆದರೆ ಅಕ್ಷರಗಳ ಎಣಿಕೆ ಜರುಗಿ ನಿಮ್ಮ ಗುರುತುಗಳೆಲ್ಲ ಪಕ್ಕದ ಪದಕ್ಕೆ ವಾಲುತ್ತವೆ.

ನಾಲ್ಕನೆಯದಕ್ಕೆ ಬಲಿಯಾದವರು ಎಲ್ಲಕ್ಕಿಂತ ಹೆಚ್ಚು. ಪೈಥಾನ್‌ನ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ ಪದ ಹೆಕ್ಕಲು ಬಳಸುವ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ ಗುರುತು ಕನ್ನಡದ ಸ್ವರಚಿಹ್ನೆಗಳನ್ನೂ ಅರ್ಧಾಕ್ಷರದ ಚಿಹ್ನೆಯನ್ನೂ ಅಕ್ಷರವೆಂದು ಒಪ್ಪುವುದಿಲ್ಲ. "ಮಳೆ" ಹೋಗಿ "ಮಳ" ಆಗುತ್ತದೆ, "ಡಿಕ್ಕಿ" ಹೋಗಿ "ಡ", "ಕ", "ಕ" ಎಂದು ಮೂರು ಚೂರಾಗುತ್ತದೆ. ಪ್ರೋಗ್ರಾಮ್ ಯಾವ ದೋಷವನ್ನೂ ತೋರಿಸದೆ ಓಡುತ್ತದೆ. ಪದಗಳನ್ನು ಖಾಲಿ ಜಾಗದಲ್ಲಿ ಮಾತ್ರ ಬಿಡಿಸಿ, ಅಂಚಿನ ವಿರಾಮಚಿಹ್ನೆಗಳನ್ನು ಪ್ರತ್ಯೇಕವಾಗಿ ತೆಗೆಯಿರಿ.

## ಹಂತ 3: ಗುರುತಿನ ನಿಯಮ ಬರೆಯಿರಿ

ಗೆಲುವು ಸೋಲು ತೀರ್ಮಾನವಾಗುವುದು ಇಲ್ಲಿ. ಇಂಗ್ಲಿಷ್‌ಗಾಗಿ ಬರೆದ ಕೈಪಿಡಿಯನ್ನು ಕನ್ನಡಕ್ಕೆ ಹಾಕಿದರೆ ಮೊದಲ ದಿನವೇ ತಕರಾರು ಏಳುತ್ತದೆ. ನಮ್ಮಲ್ಲಿ ಘಟನೆಯ ಅರ್ಥ ಹಲವು ಸಲ ನಾಮಪದದಲ್ಲಿ ಕೂತಿರುತ್ತದೆ, ಅದು ನಡೆಯಿತೋ ಇಲ್ಲವೋ ಎಂಬುದು ಕ್ರಿಯಾಪದದ ಬಾಲದಲ್ಲಿ ಇರುತ್ತದೆ.

"ಬಿತ್ತು" ಎಂಬ ಒಂದು ಪದ ತೆಗೆದುಕೊಳ್ಳಿ. ಮಳೆ ಬಿತ್ತು. ಮರ ಬಿತ್ತು. ಈರುಳ್ಳಿ ಬೆಲೆ ಬಿತ್ತು. ಸರ್ಕಾರ ಬಿತ್ತು. ಕೆರೆ ಕೋಡಿ ಬಿತ್ತು. ಐದು ವಾಕ್ಯ, ಐದು ಬೇರೆ ಘಟನೆ, ಒಂದೇ ಕ್ರಿಯಾಪದ. ಗುರುತು ಎಲ್ಲಿ ಹಾಕುತ್ತೀರಿ? ನಾನು ಪಾಲಿಸುವ ನಿಯಮ ಮೂರು.

1. ನಾಮಪದವೇ ಘಟನೆಯಾಗಿದ್ದರೆ ಅದಕ್ಕೆ ಮಾತ್ರ ಗುರುತು. ಮಳೆ, ಡಿಕ್ಕಿ, ಅಪಘಾತ, ಪ್ರತಿಭಟನೆ ಇಂಥವು. "ಡಿಕ್ಕಿ ಹೊಡೆದು" ಎಂಬಲ್ಲಿ "ಹೊಡೆದು" ಬಿಡಿ. ನಾಮಪದವೂ ಕ್ರಿಯಾಪದವೂ ಸಂಧಿಯಾಗಿ ಒಂದಾಗಿದ್ದರೆ, "ಅಪಘಾತವಾಗಿದೆ" ಎಂಬಂತೆ, ಇಡೀ ಪದಕ್ಕೆ ಹಾಕಿ. ವಿಭಕ್ತಿ ಪ್ರತ್ಯಯವನ್ನು ಕತ್ತರಿಸಬೇಡಿ, "ಅಪಘಾತದಲ್ಲಿ" ಪೂರ್ತಿ ಒಂದೇ ಗುರುತು.

2. ನಾಮಪದ ಒಂದು ವಸ್ತುವಾಗಿದ್ದರೆ ಕ್ರಿಯಾಪದಕ್ಕೆ ಗುರುತು. ಮರ, ಬೆಲೆ, ಸರ್ಕಾರ ತಮ್ಮಷ್ಟಕ್ಕೆ ಘಟನೆಗಳಲ್ಲ. ಅಲ್ಲಿ "ಬಿತ್ತು" ಸುಳಿವು ಪದ.

3. ಎರಡೂ ಕೂಡಿದರೆ ಮಾತ್ರ ಅರ್ಥ ಹುಟ್ಟುವ ನುಡಿಗಟ್ಟಿಗೆ ಎರಡಕ್ಕೂ ಗುರುತು. "ಕೋಡಿ" ಎಂದರೆ ಕೆರೆಯ ಹೆಚ್ಚುವರಿ ನೀರು ಹೊರಗೆ ಹೋಗುವ ಜಾಗ. "ಕೋಡಿ ಬಳಿ ಜನ ಸೇರಿದ್ದರು" ಎಂಬಲ್ಲಿ ನೀರಿನ ಘಟನೆ ಇಲ್ಲ. "ಕೋಡಿ ಬಿತ್ತು" ಎಂದಾಗ ಕೆರೆ ತುಂಬಿದೆ.

ಇನ್ನು "ದಾಳಿ". ಅಧಿಕಾರಿಗಳ ದಾಳಿ, ಚಿರತೆ ದಾಳಿ, ಹುಳುವಿನ ದಾಳಿ, ಶತ್ರು ಸೈನ್ಯದ ದಾಳಿ. ನಮ್ಮ ಭಾಗದ ಮುಖ್ಯ ಬೆಳೆ ಮೆಕ್ಕೆಜೋಳ. 2018ರಲ್ಲಿ ಫಾಲ್ ಆರ್ಮಿವರ್ಮ್ ಎಂಬ ಕೀಟ ಭಾರತದಲ್ಲಿ ಮೊದಲು ಕಾಣಿಸಿದ್ದು ನೆರೆಯ ಶಿವಮೊಗ್ಗದಲ್ಲಿ. ಅದಕ್ಕೆ ಸೈನಿಕ ಹುಳು ಎಂಬ ಹೆಸರು ಬಂತು. "ಮೆಕ್ಕೆಜೋಳಕ್ಕೆ ಸೈನಿಕ ಹುಳು ದಾಳಿ" ಎಂಬ ಶೀರ್ಷಿಕೆಯಲ್ಲಿ "ಸೈನಿಕ", "ದಾಳಿ" ಎರಡೂ ಅಕ್ಕಪಕ್ಕ. ಇಂಗ್ಲಿಷ್ ದತ್ತಾಂಶವನ್ನು ಯಂತ್ರಾನುವಾದ ಮಾಡಿ ತರಬೇತಿ ಕೊಟ್ಟವರು ಈ ಶೀರ್ಷಿಕೆಯನ್ನು ತಪ್ಪದೆ ಪರೀಕ್ಷಿಸಿ. ಅದು ಯುದ್ಧ ಎಂದರೆ ಆ ದಾರಿ ಬಿಡಿ.

ಸಾವಿಗೆ ಕನ್ನಡದಲ್ಲಿ ಇರುವಷ್ಟು ಮಾತು ಬೇರೆ ಯಾವುದಕ್ಕೂ ಇಲ್ಲವೇನೋ. ಮೃತಪಟ್ಟರು, ನಿಧನರಾದರು, ಅಸುನೀಗಿದರು, ಕೊನೆಯುಸಿರೆಳೆದರು, ಇಹಲೋಕ ತ್ಯಜಿಸಿದರು, ಲಿಂಗೈಕ್ಯರಾದರು. ಮಠಗಳಿರುವ ನಮ್ಮ ಜಿಲ್ಲೆಗಳಲ್ಲಿ ಕೊನೆಯ ಪದ ಬಿಟ್ಟರೆ ದೊಡ್ಡ ಸುದ್ದಿಯೇ ಕೈತಪ್ಪುತ್ತದೆ. ಆದರೆ ಸಿರಿಗೆರೆಯ ಶ್ರದ್ಧಾಂಜಲಿ ಸಮಾರಂಭದ ವರದಿಯಲ್ಲಿ "ಲಿಂಗೈಕ್ಯ ಶ್ರೀಗಳು" ಎಂದು ಬಂದರೆ ಅದು ವಿಶೇಷಣ, ಹೊಸ ಸಾವಲ್ಲ. ಈ ವ್ಯತ್ಯಾಸವನ್ನು ಎರಡೆರಡು ಉದಾಹರಣೆಯೊಂದಿಗೆ ನಿಯಮದ ಪುಸ್ತಕದಲ್ಲಿ ಬರೆಯಿರಿ.

ಕಡೆಯದಾಗಿ, ನಡೆಯಿತೋ ಇಲ್ಲವೋ. "ಮಳೆಯಾಯಿತು, ಮಳೆಯಾಗಲಿಲ್ಲ, ಮಳೆಯಾಗಲಿದೆ, ಮಳೆಯಾಗಿದ್ದರೆ, ಮಳೆಯಾಯಿತಂತೆ." ಬುಡ ಒಂದೇ, ಬಾಲ ಬದಲಾದಂತೆ ಸುದ್ದಿ ತಲೆಕೆಳಗಾಗುತ್ತದೆ. ಆದ್ದರಿಂದ ಪ್ರತಿ ಸುಳಿವು ಪದಕ್ಕೆ ಬಗೆಯ ಜೊತೆಗೆ ಇನ್ನೊಂದು ಚೀಟಿ ಅಂಟಿಸಿ: ನಡೆದಿದೆ, ನಡೆದಿಲ್ಲ, ನಡೆಯಬಹುದು, ಕೇಳಿದ ಮಾತು. "ಜಗಳೂರು ತಾಲ್ಲೂಕಿನಲ್ಲಿ ಮಳೆ ಬಾರದೆ ಶೇಂಗಾ ಒಣಗಿದೆ" ಎಂಬ ಒಂದೇ ವಾಕ್ಯದಲ್ಲಿ ಮಳೆ ನಡೆದಿಲ್ಲ, ಬೆಳೆ ಒಣಗಿದ್ದು ನಡೆದಿದೆ. ಈ ಎರಡನೇ ಚೀಟಿ ಇಲ್ಲದೆ ಕಟ್ಟಿದ ಮಾದರಿ ಬರಗಾಲದ ವರ್ಷದಲ್ಲಿ ಅತಿವೃಷ್ಟಿ ವರದಿ ಮಾಡುತ್ತದೆ. ಕಾರಣ ಸರಳ: ಬರದ ಸುದ್ದಿಯಲ್ಲೂ "ಮಳೆ" ಪದ ಬರುತ್ತಲೇ ಇರುತ್ತದೆ.

ಅಲಂಕಾರದ ಬಳಕೆಗೆ ಒಂದೇ ಸಾಲಿನ ನಿಯಮ ಸಾಕು. "ಪ್ರಶಸ್ತಿಗಳ ಸುರಿಮಳೆ", "ಮಾತಿನ ಚಕಮಕಿ" ಇವುಗಳಿಗೆ ಗುರುತು ಇಲ್ಲ, ಆದರೆ ಈ ವಾಕ್ಯಗಳನ್ನು ದತ್ತಾಂಶದಿಂದ ತೆಗೆಯಬೇಡಿ. ಘಟನೆ ಇಲ್ಲದ ವಾಕ್ಯವನ್ನು ನೋಡಿಯೇ ಮಾದರಿ ಸುಮ್ಮನಿರುವುದನ್ನು ಕಲಿಯಬೇಕು.

## ಹಂತ 4: ಇಬ್ಬರು ಪ್ರತ್ಯೇಕವಾಗಿ ಗುರುತಿಸಿ, ಆಮೇಲೆ ಜಗಳವಾಡಿ

ಒಂದೇ 200 ವಾಕ್ಯಗಳನ್ನು ಇಬ್ಬರಿಗೂ ಕೊಡಿ. ಪರಸ್ಪರ ನೋಡದೆ ಗುರುತು ಹಾಕಲಿ. ಮುಗಿದ ಮೇಲೆ ಒಬ್ಬರದನ್ನು ಸರಿಯುತ್ತರ ಎಂದು ಇಟ್ಟುಕೊಂಡು ಇನ್ನೊಬ್ಬರ ಎಫ್1 ಅಂಕ ಎಣಿಸಿ. ಈ ಅಂಕದ ಲೆಕ್ಕ ಹಂತ 8ರಲ್ಲಿದೆ. ಆಕಸ್ಮಿಕವಾಗಿ ಒಪ್ಪಿದ್ದನ್ನು ಕಳೆದು ಒಪ್ಪಂದ ಅಳೆಯುವ ಕೋಹೆನ್ ಕಪ್ಪಾ ಅಂಕವನ್ನು ಎಲ್ಲ ಪದಗಳ ಮೇಲೆ ಎಣಿಸುವವರಿದ್ದಾರೆ. ಗುರುತಿಲ್ಲದ ಖಾಲಿ ಪದಗಳೇ ತುಂಬಿರುವ ಕಡೆ ಅದಕ್ಕಿಂತ ಎಫ್1 ಚೆನ್ನಾಗಿ ಸತ್ಯ ಹೇಳುತ್ತದೆ.

ನನ್ನ ಅನುಭವದಲ್ಲಿ ಶೇ 75ಕ್ಕಿಂತ ಕೆಳಗೆ ಬಂದರೆ ಮುಂದಿನ ಹಂತಕ್ಕೆ ಹೋಗಬಾರದು. ಇಬ್ಬರು ಮನುಷ್ಯರು ಒಪ್ಪದ ಜಾಗದಲ್ಲಿ ಯಂತ್ರ ಏನನ್ನು ಕಲಿಯಬೇಕು? ಒಪ್ಪದ ವಾಕ್ಯಗಳನ್ನು ಒಂದೊಂದಾಗಿ ಎದುರಿಗಿಟ್ಟು ಮಾತಾಡಿ, ನಿಯಮ ತಿದ್ದಿ, ಹೊಸ 200 ವಾಕ್ಯಗಳ ಮೇಲೆ ಮತ್ತೆ ಮಾಡಿ. ತಪ್ಪನ್ನು ವ್ಯಕ್ತಿಯ ಮೇಲೆ ಹೊರಿಸಬೇಡಿ, ನಿಯಮದ ಮಾತು ಎಲ್ಲಿ ಮಸುಕಾಗಿದೆ ಎಂದು ನೋಡಿ. ಒಪ್ಪಂದ ಗಟ್ಟಿಯಾದ ಮೇಲೆ ಎರಡು ಮೂರು ಸಾವಿರ ವಾಕ್ಯ ಗುರುತಿಸಿ. ಆರು ಬಗೆಗಳಿಗೆ ಅಷ್ಟು ಒಳ್ಳೆಯ ಆರಂಭ.

## ಹಂತ 5: ದಿನಾಂಕದ ಮೇಲೆ ಪಾಲು ಮಾಡಿ

ವಾಕ್ಯಗಳನ್ನು ಕಲಸಿ, ಶೇ 80 ಪಾಠಕ್ಕೆ, ಶೇ 20 ಪರೀಕ್ಷೆಗೆ ಎಂದು ಹಂಚುವುದು ಎಲ್ಲರ ಅಭ್ಯಾಸ. ಸುದ್ದಿಯಲ್ಲಿ ಇದು ಮೋಸ. ಒಂದೇ ಪತ್ರಿಕಾ ಪ್ರಕಟಣೆಯನ್ನು ನಾಲ್ಕು ಪತ್ರಿಕೆಗಳು ಎರಡು ಪದ ಬದಲಿಸಿ ಹಾಕಿರುತ್ತವೆ. ಮೂರು ಪ್ರತಿ ಪಾಠಕ್ಕೆ, ಒಂದು ಪರೀಕ್ಷೆಗೆ ಹೋದರೆ ಮಾದರಿ ಕಂಠಪಾಠ ಒಪ್ಪಿಸುತ್ತದೆ.

ನಮ್ಮದೇ ಉದಾಹರಣೆ ಇದೆ. ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ. ಆಗ ಬಂದ ವರದಿಗಳಲ್ಲಿ "89 ವರ್ಷಗಳ ಬಳಿಕ" ಎಂಬ ಮಾತು ಮತ್ತೆ ಮತ್ತೆ ಬಂತು. ಈ ವರದಿಗಳನ್ನು ಪಾಠ, ಪರೀಕ್ಷೆ ಎರಡಕ್ಕೂ ಹಂಚಿದರೆ "89" ಕಂಡರೆ ಕೋಡಿ ಎಂದು ಮಾದರಿ ಕಲಿಯುತ್ತದೆ, ಪರೀಕ್ಷೆಯಲ್ಲಿ ಪೂರ್ಣಾಂಕವನ್ನೂ ಪಡೆಯುತ್ತದೆ. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿದ್ದಾಗಿನ ವರದಿ ಕೊಟ್ಟು ನೋಡಿ, ಬಂಡವಾಳ ಬಯಲಾಗುತ್ತದೆ. ಹಳೆಯದು ಪಾಠಕ್ಕೆ, ಆಮೇಲಿನದು ಹೊಂದಾಣಿಕೆಗೆ (ತರಬೇತಿ ಎಲ್ಲಿ ನಿಲ್ಲಿಸಬೇಕೆಂದು ನೋಡಲು), ಎಲ್ಲಕ್ಕಿಂತ ಹೊಸದು ಪರೀಕ್ಷೆಗೆ ಇರಲಿ. ಒಂದೇ ಘಟನೆಯ ಎಲ್ಲ ವರದಿಗಳೂ ಒಂದೇ ಪಾಲಿನಲ್ಲಿರಲಿ.

## ಹಂತ 6: ಮೊದಲು ಪದಪಟ್ಟಿ

ನ್ಯೂರಲ್ ನೆಟ್‌ವರ್ಕ್ ಮುಟ್ಟುವ ಮೊದಲು ಪ್ರತಿ ಬಗೆಗೆ ಹತ್ತು ಹದಿನೈದು ಪದಬುಡಗಳ ಪಟ್ಟಿ ಮಾಡಿ, ಅವುಗಳಿಂದ ಶುರುವಾಗುವ ಪದಗಳಿಗೆಲ್ಲ ಗುರುತು ಹಾಕುವ ಪುಟ್ಟ ಪ್ರೋಗ್ರಾಮ್ ಬರೆಯಿರಿ. ಅರ್ಧ ದಿನದ ಕೆಲಸ. ಅದರ ಅಂಕ ಬರೆದಿಟ್ಟುಕೊಳ್ಳಿ. ನಿಮ್ಮ ದೊಡ್ಡ ಮಾದರಿ ಇದನ್ನು ದಾಟದಿದ್ದರೆ ಹಿಂದಿನ ಹಂತಗಳಲ್ಲಿ ಏನೋ ಕೆಟ್ಟಿದೆ.

## ಹಂತ 7: ಮಾದರಿ ಆರಿಸಿ, ಚೂರುಗಳನ್ನು ಕಣ್ಣಾರೆ ನೋಡಿ, ತರಬೇತಿ ಕೊಡಿ

ಸೊನ್ನೆಯಿಂದ ಮಾದರಿ ಕಟ್ಟುವ ಹುಮ್ಮಸ್ಸು ಬೇಡ. ಆಗಲೇ ಕನ್ನಡ ಓದಿರುವ ಮಾದರಿಗೆ ನಿಮ್ಮ ಕೆಲಸ ಕಲಿಸಿ. ಗೂಗಲ್‌ನ ಮ್ಯೂರಿಲ್ ಇಂಗ್ಲಿಷ್ ಸೇರಿ 17 ಭಾಷೆಗಳನ್ನು, ಎಕ್ಸ್‌ಎಲ್‌ಎಂ ರಾಬರ್ಟಾ 100 ಭಾಷೆಗಳನ್ನು ಕಲಿತಿವೆ, ಎರಡರಲ್ಲೂ ಕನ್ನಡವಿದೆ. ಎಐ4ಭಾರತ್‌ನ ಇಂಡಿಕ್‌ಬರ್ಟ್ ಮೂರನೆಯದು. ನಾನು ಮ್ಯೂರಿಲ್‌ನಿಂದ ಶುರು ಮಾಡುತ್ತೇನೆ, ಆಮೇಲೆ ರಾಬರ್ಟಾದ ಸಣ್ಣ ರೂಪವನ್ನು ಹೋಲಿಸಿ ನೋಡುತ್ತೇನೆ.

ಆರಿಸಿದ ತಕ್ಷಣ ತರಬೇತಿ ಒತ್ತಬೇಡಿ. ಪದವನ್ನು ಮಾದರಿ ಓದುವ ಚೂರುಗಳಾಗಿ ಒಡೆಯುವ ಟೋಕನೈಸರ್‌ಗೆ ಇಪ್ಪತ್ತು ವಾಕ್ಯಗಳನ್ನು ಕೊಟ್ಟು ಚೂರುಗಳನ್ನು ಮುದ್ರಿಸಿ ಓದಿ. ಚೂರುಗಳನ್ನು ಜೋಡಿಸಿದರೆ ಮೂಲ ಪದ ಸಿಗಬೇಕು. ಅಕ್ಷರದ ಮೇಲಿನ ಚಿಹ್ನೆಗಳನ್ನು ಅಳಿಸುವ ಸೆಟ್ಟಿಂಗ್ ಕೆಲವು ಟೋಕನೈಸರ್‌ಗಳಲ್ಲಿ ತಾನಾಗಿಯೇ ಚಾಲೂ ಇರುತ್ತದೆ. ಬಹುಭಾಷಾ ಬರ್ಟ್ ಎಂಬ ಮಾದರಿಯ ಅನ್‌ಕೇಸ್ಡ್ ರೂಪ (ಇಂಗ್ಲಿಷ್‌ನ ದೊಡ್ಡ, ಸಣ್ಣ ಅಕ್ಷರಗಳ ಭೇದ ಮಾಡದ್ದು) ಹೀಗೇ ಮಾಡುತ್ತದೆ. ಇಂಡಿಕ್‌ಬರ್ಟ್‌ನ ಮೊದಲ ಆವೃತ್ತಿಗೆ "ಕೀಪ್ ಆಕ್ಸೆಂಟ್ಸ್" ಎಂಬುದನ್ನು ನೀವೇ ಆನ್ ಮಾಡಬೇಕು. ಮಾಡದಿದ್ದರೆ ಒತ್ತು, ಗುಣಿತ ಉದುರಿದ ಬೋಳು ಕನ್ನಡವನ್ನು ಮಾದರಿ ಓದುತ್ತದೆ.

ಗುರುತುಗಳನ್ನು ಬಿಐಒ ಪದ್ಧತಿಗೆ ತನ್ನಿ. ಸುಳಿವಿನ ಮೊದಲ ಪದಕ್ಕೆ ಆರಂಭ, ಮುಂದಿನದಕ್ಕೆ ಒಳಗೆ, ಉಳಿದದ್ದಕ್ಕೆಲ್ಲ ಹೊರಗೆ. ಒಂದು ಪದ ಹಲವು ಚೂರಾದಾಗ ಮೊದಲ ಚೂರಿಗೆ ಗುರುತು ಕೊಟ್ಟು, ಉಳಿದ ಚೂರುಗಳಿಗೆ -100 ಕೊಡಿ. ಪೈಟಾರ್ಚ್ ನಷ್ಟದ (ಮಾದರಿಯ ತಪ್ಪಿನ ಅಳತೆ) ಲೆಕ್ಕದಲ್ಲಿ ಆ ಸಂಖ್ಯೆಯನ್ನು ಬಿಟ್ಟುಬಿಡುತ್ತದೆ. ಮರೆತು ಅಲ್ಲಿ ಸೊನ್ನೆ ಹಾಕಿದರೆ, "ಹೊರಗೆ" ಎಂಬ ಗುರುತಿಗೂ ಸಾಮಾನ್ಯವಾಗಿ ಸೊನ್ನೆಯೇ ಇರುವುದರಿಂದ, "ಅಪಘಾತವಾಗಿದೆ" ಪದದ ತಲೆ ಘಟನೆ, ಬಾಲ ಖಾಲಿ ಎಂದು ಪಾಠ ಮಾಡಿದಂತಾಗುತ್ತದೆ.

ನಡೆದಿದೆ, ನಡೆದಿಲ್ಲ ಎಂಬ ಎರಡನೇ ಚೀಟಿಗೆ ಬೇರೆಯೇ ಪುಟ್ಟ ಪದರ ಕಟ್ಟಿ. ಅಲ್ಲಿ ಮೊದಲ ಚೂರನ್ನು ನೆಚ್ಚಬೇಡಿ. ಪದದ ಎಲ್ಲ ಚೂರುಗಳಿಗೆ ಮಾದರಿ ಕೊಡುವ ಸಂಖ್ಯೆಗಳ ಸರಾಸರಿ ತೆಗೆದು, ಅದರ ಜೊತೆಗೆ ವಾಕ್ಯದ ಕೊನೆಯ ಕ್ರಿಯಾಪದದ ಸರಾಸರಿಯನ್ನೂ ಕೊಡಿ. "ಲಿಲ್ಲ", "ಲಿದೆ", "ಅಂತೆ" ಕೂತಿರುವುದು ಅಲ್ಲೇ.

ತರಬೇತಿಯ ಅಳತೆಗಳು: ಕಲಿಕೆಯ ದರ (ಪ್ರತಿ ತಿದ್ದುಪಡಿಯ ಗಾತ್ರ) 0.00002ರಿಂದ 0.00005ರ ನಡುವೆ, ಒಂದು ಸಲಕ್ಕೆ 16 ವಾಕ್ಯ, ವಾಕ್ಯದ ಉದ್ದ 128 ಚೂರು. ಬರ್ಟ್ ರೂಪಿಸಿದವರು 2ರಿಂದ 4 ಸುತ್ತು ಸಾಕು ಎಂದಿದ್ದರು. ಪಾಠದ ಪಾಲನ್ನು ಒಮ್ಮೆ ಪೂರ್ತಿ ಓದುವುದು ಒಂದು ಸುತ್ತು. ದತ್ತಾಂಶ ಚಿಕ್ಕದಿದ್ದರೆ ಹತ್ತು ಸುತ್ತಿನವರೆಗೆ ಬಿಟ್ಟು, ಹೊಂದಾಣಿಕೆ ಪಾಲಿನ ಎಫ್1 ಎರಡು ಸುತ್ತು ಏರದಿದ್ದರೆ ನಿಲ್ಲಿಸಿ. ತರಬೇತಿಯ ಆಕಸ್ಮಿಕ ಆಯ್ಕೆಗಳನ್ನು ನಿರ್ಧರಿಸುವ ಬೀಜಸಂಖ್ಯೆಯನ್ನು ಬೇರೆ ಬೇರೆ ಕೊಟ್ಟು ಮೂರು ಸಲವಾದರೂ ಓಡಿಸಿ. ಚಿಕ್ಕ ದತ್ತಾಂಶದಲ್ಲಿ ಒಂದು ಓಟದ ಅಂಕವನ್ನು ನಂಬಲಾಗದು.

ಎಚ್ಚರಿಕೆಯ ಚಿಹ್ನೆಗಳು ಮೂರು. ನಷ್ಟ ಇಳಿಯುತ್ತಿದ್ದರೂ ಎಫ್1 ಸೊನ್ನೆಯಲ್ಲೇ ನಿಂತಿದ್ದರೆ ಮಾದರಿ ಎಲ್ಲಕ್ಕೂ "ಹೊರಗೆ" ಎನ್ನುತ್ತಿದೆ, ದರ ಇಳಿಸಿ ಅಥವಾ ಅಪರೂಪದ ಬಗೆಗಳಿಗೆ ತೂಕ ಹೆಚ್ಚಿಸಿ. ಮೊದಲ ಸುತ್ತಿಗೇ ಅಂಕ ಆಕಾಶಕ್ಕೇರಿದರೆ ಪರೀಕ್ಷೆಯ ವಾಕ್ಯ ಪಾಠಕ್ಕೆ ಸೋರಿದೆ, ಹಂತ 5ಕ್ಕೆ ಹಿಂತಿರುಗಿ. ನಷ್ಟದ ಜಾಗದಲ್ಲಿ ಸಂಖ್ಯೆಯೇ ಮಾಯವಾಗಿ "ಎನ್‌ಎಎನ್" ಎಂದು ಬಂದರೆ ಅರ್ಧ ನಿಖರತೆಯ (16 ಬಿಟ್‌ನ) ಲೆಕ್ಕವನ್ನು ಆಫ್ ಮಾಡಿ ನೋಡಿ.

## ಹಂತ 8: ಸರಿಯಾದ ಅಂಕ ಎಣಿಸಿ

ಹತ್ತು ವಾಕ್ಯ, ತಲಾ ಹನ್ನೆರಡು ಪದ, ಒಟ್ಟು 120. ಸುಳಿವು ಪದ ಆರು ಎಂದುಕೊಳ್ಳಿ. ಏನನ್ನೂ ಹಿಡಿಯದೆ ಎಲ್ಲಕ್ಕೂ "ಹೊರಗೆ" ಎನ್ನುವ ಮಾದರಿ 114 ಪದಗಳಲ್ಲಿ ಸರಿ. ಅಂದರೆ ಶೇ 95 ನಿಖರತೆ. ವರದಿಯ ಮೊದಲ ಪುಟದಲ್ಲಿ ಮಿಂಚುವ ಅಂಕ ಎಷ್ಟೋ ಸಲ ಇದೇ ಆಗಿರುತ್ತದೆ.

ಬಗೆಬಗೆಗೂ ಪ್ರತ್ಯೇಕ ಲೆಕ್ಕ ಹಾಕಿ. ಪರೀಕ್ಷೆಯಲ್ಲಿ 40 ಅಪಘಾತಗಳಿವೆ, ಮಾದರಿ 50 ಕಡೆ ಅಪಘಾತ ಎಂದಿತು, ಅದರಲ್ಲಿ 30 ಸರಿ ಎನ್ನಿ. ಹೇಳಿದ್ದರಲ್ಲಿ ಸರಿಯಾದದ್ದು ಶೇ 60, ಇದ್ದದ್ದರಲ್ಲಿ ಹಿಡಿದದ್ದು ಶೇ 75, ಎರಡರ ಹರಾತ್ಮಕ ಸರಾಸರಿಯಾದ ಎಫ್1 ಸುಮಾರು ಶೇ 67. ಸೆಕ್‌ಇವಾಲ್ ಇದನ್ನು ಪದಗುಚ್ಛದ ಮಟ್ಟದಲ್ಲಿ ಎಣಿಸುತ್ತದೆ.

ಅಂಕ ಬಂದ ಮೇಲೆ ತಪ್ಪಾದ 100 ವಾಕ್ಯಗಳನ್ನು ಕಾಗದದ ಮೇಲೆ ಮುದ್ರಿಸಿ, ಪ್ರತಿಯೊಂದರ ಪಕ್ಕ ಕಾರಣ ಬರೆಯಿರಿ: ಗುರುತೇ ತಪ್ಪು, ಹೊಸ ಪದ, ಅಲಂಕಾರ, ನಿಷೇಧ, ಬಗೆ ಅದಲುಬದಲು. ಗುರುತೇ ತಪ್ಪಾದವು ಹೆಚ್ಚಿದ್ದರೆ ಹಂತ 3ಕ್ಕೆ ವಾಪಸ್. ಒಂದು ಸಂಜೆಯ ಈ ಓದು ವಾರಗಟ್ಟಲೆ ಮಾದರಿ ಬದಲಾಯಿಸುವುದಕ್ಕಿಂತ ಹೆಚ್ಚು ಕಲಿಸುತ್ತದೆ.

## ಹಂತ 9: ಎಲ್ಲಿ, ಎಷ್ಟು

ಸುಳಿವು ಪದ ಗಟ್ಟಿಯಾದ ಮೇಲೆ ಮಾತ್ರ ಜಾಗ, ವ್ಯಕ್ತಿ, ಸಂಖ್ಯೆಗೆ ಕೈ ಹಾಕಿ. ಜಾಗದ ಹೆಸರಲ್ಲಿ ಒಂದು ಎಚ್ಚರ. ಶೀರ್ಷಿಕೆಗಳು ಚಿತ್ರದುರ್ಗವನ್ನು "ದುರ್ಗ", "ಕೋಟೆನಾಡು" ಎಂದೂ ದಾವಣಗೆರೆಯನ್ನು "ಬೆಣ್ಣೆನಗರಿ" ಎಂದೂ ಬರೆಯುತ್ತವೆ. "ದಾವಣಗೆರೆ", "ದಾವಣಗೇರಿ", "ದಾವಣಗೆರೆಯಲ್ಲಿ" ಎಲ್ಲ ಒಂದೇ ಊರು. ಹೀಗೆ ಅಡ್ಡಹೆಸರುಗಳ ಪಟ್ಟಿಯನ್ನು ಕೈಯಿಂದಲೇ ಮಾಡಿ.

## ಹಂತ 10: ನಿಜ ಬಳಕೆಗೆ ಬಿಡುವಾಗ

ಒಂದೇ ವಾಕ್ಯದ ಮೇಲೆ ಎಚ್ಚರಿಕೆ ಸಂದೇಶ ಕಳಿಸಬೇಡಿ. ಬೇರೆ ಬೇರೆ ಮೂಲದ ಎರಡು ವರದಿಗಳಲ್ಲಿ ಅದೇ ಬಗೆ, ಅದೇ ತಾಲ್ಲೂಕು, ಅದೇ ದಿನ ಸಿಕ್ಕಾಗ ಮಾತ್ರ ಕಳಿಸಿ. ಒಂದೇ ಪ್ರಕಟಣೆಯ ಎರಡು ನಕಲು ಎರಡು ಮೂಲವಾಗುವುದಿಲ್ಲ. ಸಾವಿನ ವಿಷಯದಲ್ಲಿ ಮನುಷ್ಯ ಓದದೆ ಯಾವುದೂ ಹೊರಗೆ ಹೋಗಬಾರದು. ಬದುಕಿರುವವರ ಹೆಸರಿನ ಮುಂದೆ ಯಂತ್ರ "ಸಾವು" ಎಂದು ಬರೆದರೆ ಆ ಮನೆಯವರಿಗೆ ಆಗುವ ನೋವನ್ನು ಯಾವ ತಿದ್ದುಪಡಿಯೂ ಅಳಿಸದು.

ಪ್ರತಿ ತಿಂಗಳು ಆ ತಿಂಗಳದೇ 100 ಹೊಸ ವಾಕ್ಯ ತೆಗೆದು, ಮೊದಲಿನ ಇಬ್ಬರ ಕೈಯಲ್ಲೇ ಗುರುತು ಹಾಕಿಸಿ, ಅಂಕವನ್ನು ಒಂದೇ ಹಾಳೆಯಲ್ಲಿ ಬರೆಯುತ್ತಾ ಹೋಗಿ. ಎರಡು ತಿಂಗಳು ಸತತ ಇಳಿದರೆ ಆ ವಾಕ್ಯಗಳನ್ನು ಪಾಠಕ್ಕೆ ಸೇರಿಸಿ ಮತ್ತೆ ತರಬೇತಿ ಕೊಡಿ. ಮುಂಗಾರಿಗೆ ಮೊದಲು, ಮೇ ತಿಂಗಳಲ್ಲಿ, ಹಿಂದಿನ ವರ್ಷದ ಮಳೆ ಸುದ್ದಿಯಲ್ಲಿ ಮಾದರಿ ಎಡವಿದ ವಾಕ್ಯಗಳನ್ನು ಒಮ್ಮೆ ಓಡಿಸಿ ನೋಡಿ. "ಮಳೆಯಾಗಲಿಲ್ಲ" ಎಂಬುದನ್ನು ಅದು ಇನ್ನೂ ಮಳೆ ಎಂದು ಓದುತ್ತಿದ್ದರೆ ಜೂನ್‌ನಲ್ಲಿ ಬಳಕೆಗೆ ಬಿಡಬೇಡಿ.